ಎರಡಕ್ಕೆ ನಿಂತ ಕೋವಿ

ನಾನು ಒಂದು ಸಣ್ಣ ಕೋವಿ. ಪಾಯಿಂಟ್ ಟೂಟೂ ಎನ್ನುತ್ತಾರಲ್ಲ, ಆ ಜಾತಿ. ಮೊದಲ ಸಲ ನೋಡಿದವರೆಲ್ಲ "ಇದೇನು, ಮಕ್ಕಳ ಆಟದ್ದಾ?" ಎಂದೇ ಕೇಳಿದ್ದಾರೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಬೀಗುವ ಆಸೆ ಒಂದು ಕಾಲಕ್ಕೆ ನನಗೂ ಇತ್ತು. ಈಗ ಕೀರ್ತಿ ಬೇಡ. ಕಿವಿ ತುಂಬ ಇರುವ ಒಂದು ಮೌನ ಕಳೆದರೆ ಸಾಕು ಅನಿಸುತ್ತದೆ. ಅದು ಎಂಥ ಮೌನ ಎಂದು ಹೇಳಬೇಕಾದರೆ ಮೊದಲಿಂದ ಹೇಳಬೇಕು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಸರಳನ್ನು ಕೊರೆದು ನನ್ನ ನಳಿಕೆ ಮಾಡಿದರು. ಹೆಗಲಿಗೆ ಆನಿಸಲು ಮರದ ಹಿಡಿ ಕೂಡಿಸಿದರು. ಆಮೇಲೆ, ಇಷ್ಟೆಲ್ಲ ಕಷ್ಟಪಟ್ಟು ಒಂದಾಗಿಸಿದ್ದನ್ನು ಮತ್ತೆ ತಿರುಪು ಬಿಚ್ಚಿ ಎರಡು ತುಂಡು ಮಾಡಿ ಗೋಣಿಬಟ್ಟೆಯಲ್ಲಿ ಸುತ್ತಿಟ್ಟರು. ನನ್ನನ್ನು ಮಾಡಿದ್ದೇ ಹಾಗೆ ಮಲಗಿರುವುದಕ್ಕೆ. ವಿಮಾನ ಬಿದ್ದಾಗ, ದೋಣಿ ಮಗುಚಿದಾಗ, ಕಾಡಿನಲ್ಲಿ ದಾರಿ ತಪ್ಪಿದಾಗ ಪೆಟ್ಟಿಗೆಯಿಂದ ತೆಗೆದು ಜೋಡಿಸಿಕೊಳ್ಳುವ ಕೋವಿ ನಾನು. ಆಪತ್ತಿಗಾದವನೇ ನೆಂಟ ಎನ್ನುತ್ತಾರೆ. ನನ್ನ ಕಸುಬು ಆ ನೆಂಟಸ್ತಿಕೆಯದೇ. ಒಂದು ಸಲಕ್ಕೆ ಒಂದೇ ತೋಟೆ ನುಂಗುತ್ತೇನೆ. ಅದೂ ಕಿರುಬೆರಳಿನ ಒಂದು ಗೆಣ್ಣಿನಷ್ಟು ಗಾತ್ರದ್ದು.

ಹಡಗು, ಗಾಡಿ, ಗೋದಾಮು ಎಲ್ಲ ದಾಟಿ ಮೈಸೂರಿನ ಒಂದು ಕೋವಿ ಅಂಗಡಿಗೆ ಬಂದೆ. ಅಂಗಡಿಯ ಮುನವ್ವರ್ ಸಾಹೇಬರು ನನ್ನನ್ನು ಗಾಜಿನ ಕಪಾಟಿನ ಕೆಳಗಿನ ಹಲಗೆಯಲ್ಲಿಟ್ಟಿದ್ದರು. ಮೇಲಿನ ಹಲಗೆಯಲ್ಲಿ ಜೋಡಿ ನಳಿಕೆಯ ದೊಡ್ಡ ಕೋವಿ ಇತ್ತು. ಬಂದವರೆಲ್ಲ ಅದಕ್ಕೇ ಕೈ ಹಾಕುತ್ತಿದ್ದರು. ನನ್ನ ಮೇಲೆ ಕೂತ ಧೂಳನ್ನು ಸಾಹೇಬರು ಶುಕ್ರವಾರ ಶುಕ್ರವಾರ ಒರೆಸುತ್ತಿದ್ದರು, ಪಾಪ.

ಒಂದು ಬೆಳಿಗ್ಗೆ ಇಬ್ಬರು ಬಂದರು. ಒಬ್ಬರು ತಿಪ್ಪೇಸ್ವಾಮಿ, ಚಿತ್ರದುರ್ಗದ ಕಡೆಯ ಎಂಜಿನಿಯರು. ಕೊಡಗಿನ ಬೆಟ್ಟಗಳಲ್ಲಿ ಹೊಳೆಗಳ ನೀರು ಅಳೆಯುವ ಕೆಲಸ ಹಿಡಿದಿದ್ದ ಒಂದು ಕಂಪನಿಯವರು. ಇನ್ನೊಬ್ಬರು ಸುಬೇದಾರ್ ಬಿದ್ದಪ್ಪ, ಸೈನ್ಯದಿಂದ ನಿವೃತ್ತರಾಗಿ ಅದೇ ಬೆಟ್ಟಗಳ ಬುಡದ ಊರಿನಲ್ಲಿದ್ದವರು. ಅಳತೆಗೆ ಕಾಡಿಗಿಳಿಯುವವರ ಬೆನ್ನಿಗೆ ಒಂದು ಆಪತ್ತಿನ ಪೆಟ್ಟಿಗೆ ಇರಬೇಕು, ಅದರಲ್ಲಿ ಹಗ್ಗ, ಬೆಂಕಿಪೊಟ್ಟಣ, ಬೆಲ್ಲ, ಔಷಧಿಯ ಜೊತೆಗೆ ಒಂದು ಕೋವಿಯೂ ಇರಬೇಕು ಎಂದು ಕಂಪನಿ ತೀರ್ಮಾನಿಸಿತ್ತು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ. ಹಾಗಾಗಿ ಕೋವಿ ಬಿದ್ದಪ್ಪನವರ ಹೆಸರಿನಲ್ಲೇ ಇರಲಿ, ಆರಿಸುವವರೂ ಅವರೇ ಆಗಲಿ ಎಂದು ಕರೆತಂದಿದ್ದರು.

ತಿಪ್ಪೇಸ್ವಾಮಿಯವರ ಕಣ್ಣು ಪಿಸ್ತೂಲಿನ ಮೇಲೆ ಬಿತ್ತು. "ಸುಬೇದಾರ್ರೇ, ಇದನ್ನ ತಗಂಡ್ರೆ ಸೊಂಟಕ್ಕೆ ಕಟ್ಕಂಡು ಓಡಾಡಬೌದಲ್ವಾ?"

"ಓಡಾಡಬಹುದು. ಫೋಟೋ ತೆಗೆಸ್ಕೊಳ್ಳಬಹುದು," ಎಂದರು ಬಿದ್ದಪ್ಪ. "ಹತ್ತು ಮಾರು ದೂರದ ಕಾಡುಕೋಳಿಗೆ ಗುರಿಯಿಟ್ರೆ ಅದು ನಿಮ್ಮನ್ನ ನೋಡಿ ನಗ್ತದೆ."

ಮುನವ್ವರ್ ಸಾಹೇಬರು ಜೋಡಿ ನಳಿಕೆಯನ್ನು ಇಳಿಸಿ ಮೇಜಿನ ಮೇಲಿಟ್ಟರು. "ಆನೆಗೀನೆ ಬಂದ್ರೆ ಏನ್ ಮಾಡ್ತೀರಿ ಸಾರ್? ಇದು ತಗೊಳ್ಳಿ."

"ಆನೆ ಬಂದ್ರೆ ಓಡೋದು ಸಾಹೇಬ್ರೇ. ಕೋವಿ ಯಾವುದಿದ್ರೂ ಓಡೋದೇ." ಬಿದ್ದಪ್ಪ ಆ ದೊಡ್ಡ ಕೋವಿಯನ್ನು ಎತ್ತಿ, ತೂಗಿ, ಗೌರವದಿಂದಲೇ ಕೆಳಗಿಟ್ಟರು. ಅವರ ಮನೆಯಲ್ಲೂ ಅಂಥದ್ದೇ ಒಂದಿತ್ತಂತೆ. "ದಿನಾ ಬೆಟ್ಟ ಹತ್ತಿ ಇಳಿಯೋನು ಇಷ್ಟು ಭಾರ ಎಷ್ಟು ದಿನ ಹೊರ್ತಾನೆ? ಮೂರನೇ ದಿನ ಡೇರೆಯಲ್ಲೇ ಬಿಟ್ಟು ಹೋಗ್ತಾನೆ. ಡೇರೆಯಲ್ಲಿ ಉಳಿದ ಕೋವಿ ಯಾರ ಪ್ರಾಣ ಉಳಿಸ್ತದೆ?"

ಆಮೇಲೆ ಅವರು ಕೆಳಗಿನ ಹಲಗೆಗೆ ಬಗ್ಗಿದರು. ನನ್ನನ್ನು ಜೋಡಿಸಿದರು, ಬಿಚ್ಚಿದರು, ಕಣ್ಣು ಮುಚ್ಚಿಕೊಂಡು ಮತ್ತೆ ಜೋಡಿಸಿದರು. ಒಂದು ಅಂಗೈಯಲ್ಲಿ ದೊಡ್ಡ ಕೋವಿಯ ತೋಟೆಗಳನ್ನು ತುಂಬಿಕೊಂಡರು. ಐದಾರಕ್ಕೇ ಕೈ ತುಂಬಿತು. ಇನ್ನೊಂದು ಅಂಗೈಗೆ ನನ್ನವನ್ನು ಸುರಿದುಕೊಂಡರು. ಕಡಲೆಬೀಜದ ಹಾಗೆ ಬಿದ್ದವು, ಎಣಿಸಲಾಗಲಿಲ್ಲ.

"ಇದು ಸಾಕು," ಎಂದರು. "ಹೊಟ್ಟೆಗೆ ಒಂದು ಹಕ್ಕಿ ಹೊಡೀತದೆ. ಇದ್ರಿಂದ ಕರೆದ್ರೆ ದೂರಕ್ಕೆ ಕೇಳ್ತದಾ ಅಂತ ಮಾತ್ರ ನೋಡ್ಬೇಕು."

ಅದನ್ನು ನೋಡಿದ್ದು ಅವರ ಊರಿನಲ್ಲಿ. ಕಣಿವೆಯ ಆಚೆ ದಿಣ್ಣೆಗೆ ಮಗಳು ದೇಚಮ್ಮನನ್ನು, ಸದ್ದು ಕೇಳಿದರೆ ಬೀಸು ಎಂದು ಬಿಳಿ ಬಟ್ಟೆ ಕೊಟ್ಟು ಕಳಿಸಿದರು. ಈಚೆಯಿಂದ ನನ್ನನ್ನು ಹಾರಿಸಿದವನು ಅವಳ ಗಂಡ, ಆ ಮನೆಯಲ್ಲೇ ಇದ್ದ ಅಳಿಯ ಮಂದಣ್ಣ. ಅಳತೆಯ ಕೆಲಸಕ್ಕೆ ತಿಪ್ಪೇಸ್ವಾಮಿಯವರ ಜೊತೆ ಹೋಗಬೇಕಾಗಿದ್ದವನು ಅವನೇ. ಆಚೆ ಬಿಳಿ ಬಟ್ಟೆ ಆಡಿತು. ವಾಪಸು ಬಂದ ದೇಚಮ್ಮ ನನ್ನನ್ನು ನೋಡಿ, "ಒಲೆಯಲ್ಲಿ ಬಿದಿರು ಸಿಡಿದ ಹಾಗಾಯ್ತು, ಅಷ್ಟೇ. ಆದ್ರೆ ಕೇಳ್ತು," ಎಂದಳು. ಅವರು ಮನೆಯಲ್ಲಿ ಆಡುತ್ತಿದ್ದುದು ಕೊಡವ ಭಾಷೆ. ನಾನು ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಈಗ ಆ ನಾಡಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ಸತ್ತರೆ ಒಂದರ ಹಿಂದೆ ಒಂದರಂತೆ ಎರಡು. ಸುತ್ತಿನ ಬೆಟ್ಟಗಳಲ್ಲಿ ಗದ್ದೆಯಲ್ಲಿದ್ದವರು, ತೋಟದಲ್ಲಿದ್ದವರು ಎಣಿಸಿಕೊಳ್ಳುತ್ತಾರೆ. ಒಂದಕ್ಕೆ ನಗುತ್ತಾರೆ. ಎರಡಾದರೆ ಹಿಡಿದ ಕೆಲಸ ಬಿಟ್ಟು ಟೋಪಿ ತೆಗೆದು ನಿಲ್ಲುತ್ತಾರೆ.

ಬಿದ್ದಪ್ಪ ಮಂದಣ್ಣನನ್ನೂ ತಿಪ್ಪೇಸ್ವಾಮಿಯವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ಕಾಡಲ್ಲಿ ಏನಾದ್ರೂ ಆದ್ರೆ ಮೂರು ಹಾರಿಸಿ. ಒಂದು ಹುಟ್ಟಿಗೆ, ಎರಡು ಸಾವಿಗೆ, ಮೂರು ಬದುಕಿಗೆ. ಮರೀಬೇಡಿ." ಹೇಳಿ, ತೋಟೆಗಳನ್ನು ತಗಡಿನ ಡಬ್ಬಿಗೆ ತುಂಬಿ, ಮುಚ್ಚಳದ ಸುತ್ತ ಮೇಣ ಕಾಯಿಸಿ ತಾವೇ ಹೊಯ್ದರು. ಗಾಳಿ ನುಸುಳಲೂ ಜಾಗವಿರಲಿಲ್ಲ.

ಆ ಸಲದ ಕೈಲ್ ಮುಹೂರ್ತದ ದಿನ, ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬದಲ್ಲಿ, ಮನೆಯ ಕೋವಿಗಳ ಸಾಲಿನಲ್ಲಿ ನನ್ನನ್ನೂ ಇಟ್ಟರು. ಎಲ್ಲ ಕೋವಿಗಳ ಬಾಯಿಗೂ ಕೋವಿ ಹೂವು, ಆ ಕೆಂಪು ಹಳದಿ ನಾಲಗೆಗಳ ಹೂವು. ನನಗೂ ಒಂದು ಸಿಕ್ಕಿಸಿದ ಮಂದಣ್ಣ, "ಇದಕ್ಕೆ ಹೂವೇ ಭಾರ ಮಾವ!" ಎಂದು ನಕ್ಕ. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದು ಬರಲಿಲ್ಲ.

ಹಬ್ಬ ಕಳೆದು ಅವರು ಬೆಟ್ಟದ ಮೇಲೆ ಡೇರೆ ಹಾಕಿದರು. ನಾನು ಮಂದಣ್ಣನ ಬೆನ್ನಿನ ಪೆಟ್ಟಿಗೆಯಲ್ಲಿ ಮಲಗಿ ಹೊಳೆ ಹಳ್ಳಗಳನ್ನು ಸುತ್ತಿದೆ. ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಿಪ್ಪೇಸ್ವಾಮಿಯವರಿಗೆ ಜಿಗಣೆಯೆಂದರೆ ಪ್ರಾಣಭಯ. ಮಂದಣ್ಣ ಅವರ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚುತ್ತ, "ನನ್ನ ಹೆಂಡತಿ ಬಸುರಿ ಸಾರ್, ಅವಳಿಗೂ ನಾನು ಇಷ್ಟು ಸೇವೆ ಮಾಡಿಲ್ಲ," ಎಂದು ಗೋಳುಹೊಯ್ದುಕೊಳ್ಳುತ್ತಿದ್ದ.

ಒಂದು ದಿನ ಬಿದ್ದಪ್ಪ ಅಳಿಯನನ್ನು ನೋಡಲೆಂದು ಡೇರೆಗೆ ಬಂದರು. ಮಾವ ಬಂದಿದ್ದಾರೆ, ಬರೀ ಒಣಮೀನು ಸಾರು ಬಡಿಸುವುದು ಹೇಗೆ? ಕೋವಿ ಕೈಗೆ ಸಿಗುವಾಗ ಮಾವನಿಗೆ ಸಪ್ಪೆ ಊಟ ಹಾಕುವ ಅಳಿಯ ಆ ನಾಡಿನಲ್ಲಿ ಹುಟ್ಟಿಲ್ಲ. ಮಂದಣ್ಣ ನನ್ನನ್ನು ಜೋಡಿಸಿದ, ಡಬ್ಬಿಯ ಮೇಣ ಕೆರೆದು ಮುಚ್ಚಳ ತೆಗೆದ. ಆಲದ ಮರದಲ್ಲಿದ್ದ ಎರಡು ಹಸಿರು ಪಾರಿವಾಳ ಕೆಳಗೆ ಬಿದ್ದವು. ಆ ಹೊತ್ತಿನ ಸಾರು, ಅಕ್ಕಿ ಕಡುಬು ಬಹಳ ರುಚಿಯಾಗಿತ್ತಂತೆ. ಬಿದ್ದಪ್ಪ ಉಂಡರು, ಬೆರಳು ನೆಕ್ಕಿದರು, ಅಳಿಯನ ಗುರಿಯನ್ನು ಹೊಗಳಿದರು. ತೋಟೆ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಅವರು ಹೋದ ಮೇಲೆ ಮಂದಣ್ಣ ಮೇಣದಬತ್ತಿಯ ನಾಲ್ಕು ಹನಿ ಬೀಳಿಸಿ ಡಬ್ಬಿ ಮುಚ್ಚಿದ. ಆ ಬೆಟ್ಟದ ಮಂಜಿಗೆ ಅಷ್ಟು ಸಂದು ಸಾಕಾಗಿತ್ತು.

ಆಪತ್ತು ಬಂದದ್ದು ಒಂದು ಇಳಿಜಾರಿನಲ್ಲಿ. ಮಂದಣ್ಣ ಮತ್ತು ತಿಪ್ಪೇಸ್ವಾಮಿ ಹಗ್ಗ ಕಟ್ಟಿ ಒಂದು ಕೊರಕಲಿಗೆ ಇಳಿಯುತ್ತಿದ್ದರು. ಮೇಲಿನ ಬಂಡೆ ಕಿತ್ತು ಬಂತು. ಹಗ್ಗ ಹರಿದು ಹೊಳೆಯ ಪಾಲಾಯಿತು. ಇಬ್ಬರೂ ಕೆಳಗಿನ ಒಂದು ಕಲ್ಲುಚಪ್ಪಡಿಯ ಮೇಲೆ ಬಿದ್ದರು. ತಿಪ್ಪೇಸ್ವಾಮಿಯವರಿಗೆ ಮೈ ತರಚಿತ್ತು, ಕನ್ನಡಕ ಹೋಗಿತ್ತು. ಮಂದಣ್ಣನ ತೊಡೆ ಮುರಿದಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಒಂದು ಕಡೆ ಉಕ್ಕುವ ಹೊಳೆ, ಇನ್ನೊಂದು ಕಡೆ ಹಸಿ ಪಾಚಿಯ ಗೋಡೆ. ತಿಪ್ಪೇಸ್ವಾಮಿ ಹತ್ತಲು ನೋಡಿದರು, ಜಾರಿದರು, ಮತ್ತೆ ಹತ್ತಿದರು, ಮತ್ತೆ ಜಾರಿದರು. ಕೂಗಿದರೆ ಅವರ ದನಿ ಅವರಿಗೇ ಕೇಳದಷ್ಟು ನೀರಿನ ಮೊರೆತ.

ಅವರು ಡೇರೆಗೆ ಮರಳಲಿಲ್ಲವೆಂದು ತಿಳಿದ ಬಿದ್ದಪ್ಪ ಮರುದಿನ ಊರಿನ ಕೆಲವರನ್ನು ಕಟ್ಟಿಕೊಂಡು ಹುಡುಕಲು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲಿನ ದಿಣ್ಣೆಯಲ್ಲಿ ನಾಯಿ ಬೊಗಳಿದ್ದು ಮಂದಣ್ಣನ ಕಿವಿಗೆ ಬಿತ್ತು.

"ಬಂದಿದ್ದಾರೆ ಸಾರ್! ಹಾರಿಸಿ! ಮೂರು!"

ತಿಪ್ಪೇಸ್ವಾಮಿ ಹುಟ್ಟಿದಾಗಿನಿಂದ ಕೋವಿ ಮುಟ್ಟಿದವರಲ್ಲ. ಆದರೂ ಸುಬೇದಾರರು ಕಲಿಸಿದ್ದು ನೆನಪಿತ್ತು. ನನ್ನ ಎರಡು ತುಂಡನ್ನು ಕೂಡಿಸಿದರು. ಡಬ್ಬಿ ತೆರೆದರು. ತೋಟೆ ಹಾಕಿ, ನಳಿಕೆ ಆಕಾಶಕ್ಕೆ ಮಾಡಿ ಎಳೆದರು. ಹಾರಿತು. ಎರಡನೆಯದು ಹಾಕಿದರು. ಹಾರಿತು.

ಮೂರನೆಯದು ಹಾಕಿ ಎಳೆದರು. ತೋಟೆ ಸಿಡಿಸುವ ನನ್ನ ಒಳಗಿನ ಮುಳ್ಳು ಅದರ ಅಂಚಿಗೆ ಹೊಡೆಯಿತು. ಟಿಕ್ ಎಂದಿತು. ಅಷ್ಟೇ.

"ನಿಲ್ಲಿಸಬೇಡಿ ಸಾರ್! ಎರಡಕ್ಕೆ ನಿಲ್ಲಿಸಬೇಡಿ!" ಮಂದಣ್ಣ ಮೊಣಕೈ ಊರಿ ಏಳಲು ನೋಡಿದ.

ಅವರು ಅದನ್ನು ತೆಗೆದೆಸೆದು ಇನ್ನೊಂದು ಹಾಕಿದರು. ಟಿಕ್. ಮತ್ತೊಂದು. ಟಿಕ್. ಡಬ್ಬಿಯಲ್ಲಿದ್ದ ಅಷ್ಟೂ ತೋಟೆಗಳ ಹಿತ್ತಾಳೆ ಹಸಿರುಗಟ್ಟಿತ್ತು. ಎಸೆದದ್ದನ್ನೇ ಆರಿಸಿ, ಅಂಗಿಗೆ ಒರೆಸಿ, ಮತ್ತೆ ಹಾಕಿದರು. ನಾನು ನನ್ನ ಶಕ್ತಿಯೆಲ್ಲ ಹಾಕಿ ಹೊಡೆದೆ. ಬೆಂಕಿ ಇಲ್ಲದ ಒಲೆ ಊದಿದ ಹಾಗಾಯಿತು.

ಮಂದಣ್ಣ ತಲೆಯನ್ನು ಕಲ್ಲಿಗೆ ಆನಿಸಿದ. ಅವನಿಗೆ ನಗು ಬಂತು. "ಮುಗೀತು ಸಾರ್. ಮೇಲಿನವರ ಲೆಕ್ಕದಲ್ಲಿ ಈಗ ನಮ್ಮಿಬ್ಬರಲ್ಲಿ ಒಬ್ಬ ಸತ್ತ. ಯಾರು ಅಂತ ಮಾವ ಯೋಚನೆ ಮಾಡ್ತಾ ಇರ್ತಾರೆ."

ಮೇಲೆ ನಡೆದದ್ದನ್ನು ನಾನು ಆಮೇಲೆ ಬೇರೆಯವರ ಬಾಯಲ್ಲಿ ಕೇಳಿದೆ. ಮಂಜಿನಲ್ಲಿ ಎರಡು ಸದ್ದು ಬಂದವು. ಎಲ್ಲರೂ ನಿಂತರು. ಮೂರನೆಯದಕ್ಕೆ ಕಾದರು. ಬರಲಿಲ್ಲ. ಬಿದ್ದಪ್ಪ ಟೋಪಿ ತೆಗೆದರು.

"ಇದು ಮಂದಣ್ಣ ಹಾರಿಸಿದ್ದು," ಎಂದರು. "ಎರಡು ಅಂದ್ರೆ ಏನು ಅಂತ ಅವನಿಗೆ ಗೊತ್ತು. ಪಾಪ, ಎಂಜಿನಿಯರ್ ಸಾಹೇಬ್ರು ಹೋದ್ರು."

ಪಕ್ಕದ ಮನೆಯ ಅಚ್ಚಯ್ಯ ಆಗಲೇ ಹಗ್ಗ ಬಿಚ್ಚುತ್ತಿದ್ದ. "ಒಂದು ವೇಳೆ ತೋಟೆ ಹುಸಿ ಹೋಗಿದ್ರೆ ಸುಬೇದಾರ್ ಮಾವ? ಇಳಿದು ನೋಡೋಣ."

"ಆ ಡಬ್ಬಿಗೆ ಮೇಣ ಹೊಯ್ದದ್ದು ನಾನು. ಅದರ ತೋಟೆ ಹುಸಿ ಹೋಗಲ್ಲ. ಸತ್ತವರಿಗೆ ಅವಸರ ಇಲ್ಲ ಅಚ್ಚಯ್ಯ. ಈ ಮಂಜಲ್ಲಿ ಇಳಿದು ಬದುಕಿರೋರು ಕಾಲು ಮುರ್ಕೊಳ್ಳೋದು ಬೇಡ. ಬಿದಿರು, ಬಟ್ಟೆ ತಗೊಂಡು ಬೆಳಿಗ್ಗೆ ಬರೋಣ."

ಹಾಗೆ ಹೇಳುವಾಗ ಅವರ ಎದೆಯಲ್ಲಿ ಒಂದು ಸಮಾಧಾನ ಇತ್ತಂತೆ, ಸತ್ತದ್ದು ನನ್ನ ಅಳಿಯನಲ್ಲವಲ್ಲ ಎಂದು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಮುಂದೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುವಾಗ ಮಾತ್ರ ಗೊಣಗುತ್ತಿದ್ದರು.

ಬೆಳಿಗ್ಗೆ ಅವರು ಬಿದಿರಿನ ಚಟ್ಟ ಹೊತ್ತು, "ಮಂದಣ್ಣಾ" ಎಂದು ಕೂಗುತ್ತ ಇಳಿದರು. ಕಲ್ಲಿನ ಮೇಲಿಂದ ಎದ್ದು ನಿಂತವರು ತಿಪ್ಪೇಸ್ವಾಮಿ. ಸತ್ತರೆಂದುಕೊಂಡವರು ಎದ್ದು ಬಂದದ್ದನ್ನು ಕಂಡ ಬಿದ್ದಪ್ಪ ಅವರನ್ನು ದಾಟಿ ಅಳಿಯನ ಬಳಿಗೆ ಓಡಿದರು. ಮಂದಣ್ಣನ ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಬೆಳಕು ಹರಿಯುವವರೆಗೂ ಅವನು ಮಾತಾಡುತ್ತಿದ್ದ.

"ನಾನು ಮೂರೂ ಹಾರಿಸ್ದೆ ಸುಬೇದಾರ್ರೇ," ಎಂದರು ತಿಪ್ಪೇಸ್ವಾಮಿ. ಮಗುವಿನ ಹಾಗೆ ಅಳುತ್ತಿದ್ದರು. "ದೇವ್ರಾಣೆ ಮೂರೂ ಹಾರಿಸ್ದೆ. ಒಂದು ಹತ್ತಲಿಲ್ಲ ಕಣ್ರೀ."

ಬಿದ್ದಪ್ಪ ನನ್ನನ್ನು ಎತ್ತಿಕೊಂಡು ತೋಟೆ ಹಾಕುವ ಜಾಗ ತೆರೆದರು. ಕೊನೆಗೆ ಹಾಕಿದ ತೋಟೆ ಒಳಗೇ ಇತ್ತು, ಅಂಚಿನಲ್ಲಿ ನನ್ನ ಮುಳ್ಳಿನ ಗುರುತು ಹೊತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಡಬ್ಬಿಯ ಮುಚ್ಚಳದಲ್ಲಿದ್ದ ಮೇಣದಬತ್ತಿಯ ಹನಿಗಳನ್ನು ಉಗುರಿನಿಂದ ಕೆರೆದು ನೋಡಿದರು. ಪಾರಿವಾಳದ ಊಟ ಅವರಿಗೆ ಆಗ ನೆನಪಾಗಿರಬೇಕು. ಅಲ್ಲೇ ಕುಸಿದು ಕೂತರು.

ಕಂಪನಿ ಡೇರೆ ಕಿತ್ತಿತು. ಹೆಸರು ಅವರದಾದ್ದರಿಂದ ನಾನು ಬಿದ್ದಪ್ಪನವರ ಮನೆಗೆ ಬಂದೆ. ಅವರು ಆ ಹುಸಿ ತೋಟೆಯನ್ನು ಅಡುಗೆಮನೆಯಲ್ಲಿ, ಒಲೆಯ ಮೇಲೆ ಮಾಂಸ ಒಣಗಿಸುವ ಅಟ್ಟದ ಅಂಚಿನಲ್ಲಿಟ್ಟರು. ದಿನಾ ಅನ್ನ ಬೇಯಿಸುವಾಗ ದೇಚಮ್ಮನ ಕಣ್ಣಿಗೆ ಅದು ಬೀಳುತ್ತಿತ್ತು. ತೆಗೆದು ಎಸೆಯಲಿಲ್ಲ, ಏನೆಂದು ಕೇಳಲೂ ಇಲ್ಲ.

ಕೆಲವು ತಿಂಗಳಿಗೆ ಅವಳಿಗೆ ಗಂಡುಮಗುವಾಯಿತು. ಪೂಣಚ್ಚ ಎಂದು ಹೆಸರಿಟ್ಟರು. ಬಿದ್ದಪ್ಪ ಅಂಗಳಕ್ಕೆ ಹೋಗಿ ಜೋಡಿ ನಳಿಕೆಯಿಂದ ಒಂದು ಗುಂಡು ಹಾರಿಸಿದರು. ಒಳಗೆ ದೇಚಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಬಹಳ ಹೊತ್ತಿನವರೆಗೆ ತೆಗೆಯಲಿಲ್ಲ.

ತಿಪ್ಪೇಸ್ವಾಮಿ ಒಂದು ಸಲ ಬಂದಿದ್ದರು. ಮಂದಣ್ಣನ ಕೊನೆಯ ಮಾತುಗಳನ್ನೆಲ್ಲ ಅವಳಿಗೆ ಹೇಳಿದರು, ನಕ್ಕದ್ದನ್ನೂ ಹೇಳಿದರು. ಅವರ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅವರು ಹೋದ ಮೇಲೆ ದೇಚಮ್ಮ ಅಪ್ಪನ ಎದುರು ನಿಂತು ಒಂದೇ ಮಾತು ಆಡಿದಳು.

"ಮೂರನೇದು ಕೇಳಿಸ್ಲಿಲ್ಲ ಅಂತ ತಿರುಗಿ ಬಂದ್ರಲ್ಲ ಅಪ್ಪಾ. ಕೇಳಿಸ್ಲಿಲ್ಲ ಅಂತಾನೇ ಇಳೀಬಹುದಿತ್ತಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ ಬಿದ್ದಪ್ಪ ಆಮೇಲೆ ಬೆಟ್ಟ ಬೆಟ್ಟ ಸುತ್ತಿ ಮನೆಮನೆಗೂ ಹೇಳಿದರು: ಮೂರು ಸದ್ದು ಕೇಳಿದರೆ ಹಗ್ಗ ತಗೊಂಡು ಓಡಿ ಬನ್ನಿ, ಊಟಕ್ಕೆ ಕೂತಿದ್ದರೂ ಎದ್ದು ಬನ್ನಿ. ಪ್ರತಿ ಹಬ್ಬದಲ್ಲೂ ಊರ ಮೈದಾನದಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತಿದ್ದರು. ಹುಡುಗರು "ಅಜ್ಜನ ಮೂರು ಶುರುವಾಯ್ತು" ಎಂದು ಹಿಂದಿನಿಂದ ನಗುತ್ತಿದ್ದರು. ಆದರೂ ಹಾಲು ಕುಡಿಯುವ ಮಗುವಿಗೂ ಆ ಮಾತು ಬಾಯಿಪಾಠವಾಯಿತು.

ನಾನು ನಡುಮನೆಯ ಗೋಡೆಯಲ್ಲಿ ತೂಗುತ್ತಿದ್ದೆ. ಕೈಲ್ ಮುಹೂರ್ತಕ್ಕೆ ಬಿದ್ದಪ್ಪ ನನ್ನನ್ನು ಸಾಲಿನಲ್ಲಿ ಇಡುತ್ತಿರಲಿಲ್ಲ. ಪೂಜೆ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ ದೇಚಮ್ಮ ಬಂದು ನನ್ನ ಬಾಯಿಗೆ ಒಂದು ಹೂವು ಸಿಕ್ಕಿಸಿ ಹೋಗುತ್ತಿದ್ದಳು. ನನಗೆ ಮೈಯೆಲ್ಲ ಕುಗ್ಗುತ್ತಿತ್ತು.

ಆ ಮನೆಯಲ್ಲಿ ಒಂದು ವಿಚಿತ್ರವಿತ್ತು. ದೂರದ ಯಾವುದೋ ಬೆಟ್ಟದಲ್ಲಿ ಯಾರೋ ಸತ್ತು ಎರಡು ಗುಂಡು ಕೇಳಿದರೆ ಬೇರೆ ಮನೆಗಳವರು ಯಾರು ಹೋದರೆಂದು ವಿಚಾರಿಸುತ್ತಾರೆ. ಈ ಮನೆಯವರು ಹಾಗೇ ನಿಂತುಬಿಡುತ್ತಿದ್ದರು. ದೇಚಮ್ಮನ ಕೈಯ ಸೌಟು ಪಾತ್ರೆಯ ಮೇಲೆ ನಿಲ್ಲುತ್ತಿತ್ತು. ಬಿದ್ದಪ್ಪ ಬಾಯಿಗೆತ್ತಿದ ತುತ್ತನ್ನು ಹಿಡಿದು ಕೂರುತ್ತಿದ್ದರು. ತಂದೆಯ ಮುಖವನ್ನೇ ನೋಡದ ಪೂಣಚ್ಚನೂ ಆಟ ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಿದ್ದ. ನಾಲ್ಕನೆಯವನಾಗಿ ಮಂದಣ್ಣನೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದಾನೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಯಾರೂ ಉಸಿರು ಬಿಡುತ್ತಿರಲಿಲ್ಲ. ಮೂರನೆಯದು ಬರುತ್ತಿರಲಿಲ್ಲ. ಆಮೇಲೆ ಸೌಟು ಪಾತ್ರೆಗೆ ಇಳಿಯುತ್ತಿತ್ತು. ಆ ಮೌನವನ್ನೇ ನಾನು ಮೊದಲಿಗೆ ಹೇಳಿದ್ದು.

ವರ್ಷಗಳು ಹೋದವು. ಬಿದ್ದಪ್ಪ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಮಗಳ ಕೈ ಹಿಡಿದು ಹೇಳಿದರು: "ನಾನು ಹೋದಾಗ ಹಾರಿಸ್ಬೇಡಿ ಮಗಳೇ. ಆ ಎರಡನ್ನ ಕೇಳೋಕೆ ನನ್ನಿಂದಾಗಲ್ಲ."

"ಆಗ ನಿಮಗೆ ಕೇಳಿಸಲ್ಲ ಅಪ್ಪಾ."

"ಕೇಳಿಸ್ತದೆ," ಎಂದರು. "ಅವತ್ತು ಮಂದಣ್ಣನಿಗೂ ಕೇಳಿಸಿತ್ತಲ್ಲ."

ಅವರು ಹೋದ ದಿನ ಮಂಜು ದಟ್ಟವಾಗಿತ್ತು. ಸುಬೇದಾರರಿಗೆ ಗುಂಡು ಹಾರಿಸದೆ ಕಳಿಸುವುದುಂಟೇ ಎಂದು ಹಿರಿಯರು ಹಠ ಹಿಡಿದರು. ದೊಡ್ಡವನಾಗಿದ್ದ ಪೂಣಚ್ಚ ಜೋಡಿ ನಳಿಕೆ ತೆಗೆದುಕೊಂಡು ತಾಯಿಯ ಮುಖ ನೋಡಿದ. ದೇಚಮ್ಮ ಆಗಲಿ ಎಂದು ತಲೆಯಾಡಿಸಿದಳು. ಅವನು ಅಂಗಳದಲ್ಲಿ ನಿಂತು ಒಂದು ಹಾರಿಸಿದ. ಎರಡು ಹಾರಿಸಿದ. ಬೆಟ್ಟಗಳು ಆ ಸದ್ದನ್ನು ಒಂದರಿಂದೊಂದು ದಾಟಿಸಿಕೊಂಡು ಹೋದವು.

ಆಗ ದೇಚಮ್ಮ ಅಡುಗೆಮನೆಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಆ ತೋಟೆ ಇತ್ತು, ಇಷ್ಟು ವರ್ಷ ಒಲೆಯ ಬಿಸಿಗೆ ಒಣಗಿ ಕಪ್ಪಾದದ್ದು. ನನ್ನನ್ನು ಗೋಡೆಯಿಂದ ಇಳಿಸಿದಳು. ತೋಟೆಯನ್ನು ಸ್ವಲ್ಪ ತಿರುಗಿಸಿ, ಮುಳ್ಳು ಹೊಸ ಜಾಗಕ್ಕೆ ಬಡಿಯಲೆಂದು ಹಳೆಯ ಗುರುತಿಲ್ಲದ ಕಡೆ ಮೇಲೆ ಬರುವ ಹಾಗೆ ಹಾಕಿದಳು. ಕೊಡವರ ಮನೆಯ ಹೆಣ್ಣುಮಗಳಿಗೆ ಅಷ್ಟು ಗೊತ್ತಿರುತ್ತದೆ. ಅಂಗಳಕ್ಕೆ ಬಂದು ನನ್ನ ಬಾಯನ್ನು ಆಕಾಶಕ್ಕೆ ಮಾಡಿದಳು. ಇದೂ ಟಿಕ್ ಎಂದರೆ ಈ ಹೆಂಗಸಿಗೆ ಇನ್ನು ಕಾಯಲು ಏನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಾರಿತು. ಒಲೆಯಲ್ಲಿ ಬಿದಿರು ಸಿಡಿದ ಹಾಗೆ, ಅಷ್ಟೇ.

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಕೇಳಿದ್ದು ನಾಯಿಗಳ ಬೊಗಳು. ಆಮೇಲೆ ಗದ್ದೆಯ ಬದುವಿನ ಮೇಲೆ ಹೆಜ್ಜೆಗಳು. ಮಂಜಿನೊಳಗಿಂದ ಜನ ಓಡಿ ಬಂದರು. ಸಾವಿನ ಮನೆಗೆ ಬರುವವರ ಹಾಗೆ ತಲೆ ತಗ್ಗಿಸಿ ಬಂದವರಲ್ಲ. ಕೈಯಲ್ಲಿ ಹಗ್ಗ, ಏಣಿ, ಕತ್ತಿ ಹಿಡಿದು ಬಂದವರು. ಒಬ್ಬನ ಬಾಯಲ್ಲಿ ಇನ್ನೂ ತಿಂಡಿಯ ತುತ್ತಿತ್ತು. ಎಲ್ಲರಿಗಿಂತ ಮುಂದೆ ಅಚ್ಚಯ್ಯ. ತಲೆ ಪೂರ್ತಿ ಬೆಳ್ಳಗಾಗಿತ್ತು, ಒಂದು ಕಾಲಿನ ಚಪ್ಪಲಿ ಎಲ್ಲೋ ಕಳಚಿಹೋಗಿತ್ತು, ಹೆಗಲಿನಲ್ಲಿ ಸುರುಳಿ ಹಗ್ಗ.

"ಎಲ್ಲಿ? ಯಾರು, ಅಕ್ಕಾ?" ಎಂದು ಏದುಸಿರು ಬಿಟ್ಟ. "ಮೂರು ಕೇಳ್ತು!"

"ಕೇಳ್ತಲ್ಲ?" ಎಂದಳು ದೇಚಮ್ಮ.

ಅಚ್ಚಯ್ಯ ಜಗಲಿಯ ಮೇಲೆ ಮಲಗಿಸಿದ್ದ ಬಿದ್ದಪ್ಪನವರನ್ನು ನೋಡಿದ. ಅವಳ ಕೈಯಲ್ಲಿದ್ದ ನನ್ನನ್ನು ನೋಡಿದ. ಅವನ ಮುಖ ಕಿವುಚಿಕೊಂಡಿತು. ಮಂಜಿನ ದಿಣ್ಣೆಯಲ್ಲಿ ಹಗ್ಗ ಬಿಚ್ಚಿ ಮತ್ತೆ ಸುತ್ತಿಕೊಂಡವನು ಅವನೇ ಅಲ್ಲವೇ.

ದೇಚಮ್ಮ ಅವನ ಬೆವರಿದ ಹಣೆಯನ್ನು ತನ್ನ ಸೆರಗಿನಿಂದ ಒರೆಸಿದಳು. "ಎಷ್ಟು ಬೇಗ ಬಂದೆ ಅಚ್ಚಯ್ಯ," ಎಂದಳು. "ಇಷ್ಟೇ ಹೊತ್ತು ಸಾಕಾಗಿತ್ತು ಅವತ್ತು."

ಆಮೇಲೆ ಅವಳು ಅತ್ತಳು. ಅಪ್ಪನಿಗೋ ಗಂಡನಿಗೋ ಯಾರೂ ಕೇಳಲಿಲ್ಲ.

ಈಗ ನನಗೂ ವಯಸ್ಸಾಯಿತು. ನಳಿಕೆಯೊಳಗೆ ತುಕ್ಕು, ಹಿಡಿಯಲ್ಲಿ ಬಿರುಕು. ಚುನಾವಣೆ ಬಂದಾಗ ದೊಡ್ಡ ಕೋವಿಯನ್ನು ಠಾಣೆಯಲ್ಲಿಟ್ಟು ಬರುವಾಗ ನನ್ನನ್ನೂ ಲೆಕ್ಕಕ್ಕೆ ಒಯ್ಯುತ್ತಾರೆ, ಅಲ್ಲಿಯ ಹೊಸ ಪೊಲೀಸರು "ಇದೇನು, ಮಕ್ಕಳ ಆಟದ್ದಾ?" ಎನ್ನುತ್ತಾರೆ. ಮತ್ತೆ ಗೋಡೆಗೆ ಬರುತ್ತೇನೆ. ನನಗೆ ಹಾಕುವ ತೋಟೆ ಈ ಮನೆಯಲ್ಲಿ ಒಂದೂ ಇಲ್ಲ. ಅಚ್ಚಯ್ಯ ಅವತ್ತು ತಂದ ಹಗ್ಗವನ್ನು ವಾಪಸು ಒಯ್ಯಲಿಲ್ಲ. ನನ್ನ ಮೊಳೆಗೇ ತೂಗುಹಾಕಿ ಹೋದ. ಮಂಜಿನ ದಿನಗಳಲ್ಲಿ ಅದು ತೇವ ಕುಡಿದು ಭಾರವಾಗಿ ನನ್ನ ಮೇಲೆ ಒರಗುತ್ತದೆ. ಇಬ್ಬರೂ ಹೊಳೆಯ ಕಡೆಯ ಕಿಟಕಿಯನ್ನು ನೋಡುತ್ತ ಇರುತ್ತೇವೆ.